ಜಿಮ್ನಿಗೊಂದು ಐದನೆಯ ಚಕ್ರ: ಪುಣೆಯಲ್ಲಿ ಸ್ಟೆಪ್ನಿ ಹುಡುಕಿದ ನಾಲ್ಕು ತಿಂಗಳು

2025ರ ಜೂನ್ ತಿಂಗಳ ಒಂದು ಬೆಳಿಗ್ಗೆ ನೋಡಿದರೆ, ಚಿಂಚವಡದಲ್ಲಿ ನಮ್ಮ ಸೊಸೈಟಿಯ ಹೊರಗಿನ ರಸ್ತೆಯಲ್ಲಿ ನಿಲ್ಲಿಸಿದ್ದ ನಮ್ಮ ಜಿಮ್ನಿ ಕಾರಿನ ಹಿಂಬಾಗಿಲು ಬೋಳಾಗಿತ್ತು. ಸ್ಟೆಪ್ನಿಯನ್ನು ಹಿಡಿದಿಡುವ ಕಬ್ಬಿಣದ ಚೌಕಟ್ಟು ಮಾತ್ರ ಉಳಿದು, ಬಿಚ್ಚಿದ ನಟ್ಟುಗಳು ಬಂಪರಿನ ಮೇಲೆ ಸಾಲಾಗಿ ಕೂತಿದ್ದವು. ಕಳ್ಳನ ಶಿಸ್ತನ್ನು ಕಂಡು ಸಿಟ್ಟಿನ ನಡುವೆಯೂ ನಗು ಬಂತು. ಪೊಲೀಸರಿಗೆ ದೂರು ಕೊಟ್ಟದ್ದಾಯಿತು. ಅದರ ಮಾತು ಇಲ್ಲಿ ಬೇಡ. ಹೋದ ಚಕ್ರದ ಜಾಗಕ್ಕೆ ಇನ್ನೊಂದನ್ನು ತರಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಆ ಅವಧಿಯಲ್ಲಿ ಒಂದು ತಪ್ಪು ಚಕ್ರವನ್ನು ಕೊಂಡು, ಇನ್ನೊಂದು ತಪ್ಪಿನಿಂದ ಕೂದಲೆಳೆಯಲ್ಲಿ ಪಾರಾಗಿ, ಕೊನೆಗೆ ಭೋಸರಿಯ ಒಂದು ಸಣ್ಣ ಟೈರ್ ಅಂಗಡಿಯಲ್ಲಿ ಸರಿಯಾದದ್ದನ್ನು ಪಡೆದೆ. ಆ ಮೂರು ಚಕ್ರಗಳ ಮತ್ತು ಆ ಅಂಗಡಿಯ ವಿಮರ್ಶೆ ಇದು.

ಮೊದಲು ಕಳೆದುಹೋದದ್ದು ಏನೆಂಬುದನ್ನು ಹೇಳಬೇಕು. ನಮ್ಮದು 2023ರಲ್ಲಿ ಕೊಂಡ ಮಾರುತಿ ಸುಜುಕಿ ಜಿಮ್ನಿ, ಅದರಲ್ಲಿಯೂ ಕಡಿಮೆ ಬೆಲೆಯ ಝೀಟಾ ಮಾದರಿ. ಆದ್ದರಿಂದ ಟೈರು ಕೂರುವ ಡಿಸ್ಕು ಮಿಶ್ರಲೋಹದ ಅಲಾಯ್ ಅಲ್ಲ, ಉಕ್ಕಿನದು. ಟೈರಿನ ಅಳತೆ 195/80 ಆರ್15, ಅಂದರೆ ಅಗಲ 195 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ ಶೇಕಡ 80, ರಿಮ್ಮು 15 ಇಂಚು. ಡಿಸ್ಕಿಗೆ ಐದು ತೂತು, ತೂತುಗಳ ವೃತ್ತದ ವ್ಯಾಸ 139.7 ಮಿಲಿಮೀಟರ್, ನಡುವಿನ ದೊಡ್ಡ ತೂತು 108 ಮಿಲಿಮೀಟರ್. ಇವಿಷ್ಟೂ ಸಂಖ್ಯೆಗಳು ನನಗೆ ಈಗ ಮಗ್ಗಿಯಂತೆ ಬಾಯಿಪಾಠವಾಗಿವೆ; ಜೂನ್ ತಿಂಗಳಲ್ಲಿ ಇವುಗಳಲ್ಲಿ ಅರ್ಧ ಗೊತ್ತಿತ್ತು, ಉಳಿದ ಅರ್ಧ ಮುಖ್ಯವಲ್ಲ ಎಂದುಕೊಂಡಿದ್ದೆ.

ನಾವು ಸ್ಟೆಪ್ನಿ ಎನ್ನುವ ಪದ ಇಂಗ್ಲೆಂಡಿನವರಿಗೇ ಈಗ ಅರ್ಥವಾಗುವುದಿಲ್ಲ. ವೇಲ್ಸ್ ಪ್ರಾಂತ್ಯದ ಲ್ಲಾನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು 1904ರಲ್ಲಿ ಮಾರಲು ತೊಡಗಿದ ವಸ್ತುವಿನ ಹೆಸರು ಅದು. ಅದು ಪೂರ್ಣ ಚಕ್ರವೂ ಆಗಿರಲಿಲ್ಲ. ಗಾಳಿ ತುಂಬಿದ ಟೈರುಳ್ಳ ಬರಿಯ ಬಳೆಯನ್ನು ಪಂಕ್ಚರಾದ ಚಕ್ರದ ಪಕ್ಕಕ್ಕೇ ಬಿಗಿದು ಮನೆ ಸೇರುವ ಉಪಾಯವಾಗಿತ್ತು. ಹೆಸರು ಅಲ್ಲಿ ಮರೆತುಹೋಗಿ ನಮ್ಮಲ್ಲಿ ಉಳಿಯಿತು. ಹೆಸರಿನೊಂದಿಗೆ, ಹೇಗೋ ಮನೆ ಸೇರಿಸಿದರೆ ಸಾಕು ಎಂಬ ಆ ಕಾಲದ ಭಾವನೆಯೂ ಉಳಿದಂತಿದೆ. ನಗರದೊಳಗೆ ಓಡುವ ಸಣ್ಣ ಕಾರಿಗೆ ಆ ಭಾವನೆ ತಕ್ಕಮಟ್ಟಿಗೆ ಸರಿ. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇದ್ದರೆ, ಮೂರೂವರೆ ಟನ್ನಿನೊಳಗಿನ ಪ್ರಯಾಣಿಕ ವಾಹನಕ್ಕೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ಕೇಂದ್ರ ಸರ್ಕಾರವೇ ಮೋಟಾರು ವಾಹನ ನಿಯಮವನ್ನು ಸಡಿಲಿಸಿದೆ. ನನ್ನ ಭಾವನ ವಿದ್ಯುತ್ ಕಾರಿನಲ್ಲಿ ಸ್ಟೆಪ್ನಿ ಇಡುವ ಜಾಗವೇ ಇಲ್ಲ, ಒಂದು ಬಾಟಲಿ ಅಂಟು ಮತ್ತು ಗಾಳಿ ಪಂಪು ಇವೆ, ಅವರು ನೆಮ್ಮದಿಯಾಗಿದ್ದಾರೆ. ಆದರೆ ಸಹ್ಯಾದ್ರಿಯ ಕಲ್ಲುದಾರಿಗಳಲ್ಲಿ ಟೈರಿಗೆ ಮೊಳೆ ಚುಚ್ಚುವುದಕ್ಕಿಂತ ಅದರ ಪಕ್ಕೆ ಸೀಳುವುದೇ ಹೆಚ್ಚು. ಸೀಳಿದ ಪಕ್ಕೆಗೆ ಅಂಟೂ ನಿಲ್ಲುವುದಿಲ್ಲ, ತೂತಿಗೆ ತುರುಕುವ ಬತ್ತಿಯೂ ನಿಲ್ಲುವುದಿಲ್ಲ. ಆಗ ಇನ್ನೊಂದು ಚಕ್ರವೇ ಬೇಕು, ಅದೂ ನಾಲ್ಕು ಚಕ್ರಗಳಿಗೆ ಶಕ್ತಿ ಹೋಗುವ ಗಾಡಿಗೆ ಒಪ್ಪುವ ಚಕ್ರ.

ಆ ಒಪ್ಪುವ ಎಂಬ ಮಾತನ್ನು ನಾನು ಮೊದಲಿಗೆ ಬಹಳ ಸಡಿಲವಾಗಿ ತೆಗೆದುಕೊಂಡೆ. ಗುಜರಿ ಅಂಗಡಿಯೊಂದರಲ್ಲಿ ಹಳೆಯ ಜಿಪ್ಸಿಯ ಚಕ್ರವೊಂದು ಟೈರ್ ಸಮೇತ 2,500 ರೂಪಾಯಿಗೆ ಸಿಗುತ್ತದೆ ಎಂದು ಕಾರ್ಖಾನೆಯ ಸಹೋದ್ಯೋಗಿ ಹೇಳಿದರು. 1985ರಲ್ಲಿ ಬಂದು 2019ರವರೆಗೆ ತಯಾರಾದ ಮಾರುತಿ ಜಿಪ್ಸಿಯೂ ಇದೇ ವಂಶದ ಗಾಡಿ, ಅದಕ್ಕೂ ಐದೇ ತೂತು, ಹದಿನೈದೇ ಇಂಚು. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗ ಅಳೆಯುವುದೇ ನನ್ನ ಕೆಲಸವಾದ್ದರಿಂದ ವರ್ನಿಯರ್ ಕ್ಯಾಲಿಪರ್ ಹಿಡಿದುಕೊಂಡೇ ಹೋದೆ. ಐದು ತೂತಿನ ಡಿಸ್ಕಿನಲ್ಲಿ ಎದುರುಬದುರು ತೂತುಗಳಿರುವುದಿಲ್ಲವಾದ್ದರಿಂದ ವೃತ್ತದ ವ್ಯಾಸವನ್ನು ನೇರವಾಗಿ ಅಳೆಯಲಾಗದು. ಪಕ್ಕಪಕ್ಕದ ಎರಡು ತೂತುಗಳ ನಡುಮಧ್ಯದ ಅಂತರವನ್ನು ಅಳೆದು 0.588ರಿಂದ ಭಾಗಿಸಬೇಕು. ಅಂತರ 82 ಮಿಲಿಮೀಟರ್ ಬಂತು, ಅಂದರೆ ವ್ಯಾಸ 139.7 ಸರಿ. ಕಾರುಗಳಲ್ಲಿ ಸಾಮಾನ್ಯವಾಗಿರುವ 114.3ರ ಡಿಸ್ಕಾಗಿದ್ದರೆ 67 ಬರಬೇಕಿತ್ತು. ನನ್ನ ಲೆಕ್ಕವನ್ನು ತಾಳ್ಮೆಯಿಂದ ನೋಡುತ್ತಿದ್ದ ಗುಜರಿಯವನು ಮರಾಠಿಯಲ್ಲಿ "ಬಸೇಲ್, ಬಸೇಲ್" ಎಂದ. ಕೂರುತ್ತದೆ ಎಂದರ್ಥ. ಕೂತದ್ದು ನಿಜ, ಹಿಂಬಾಗಿಲಿನ ಚೌಕಟ್ಟಿಗೂ ಕೂತಿತು, ಆಕ್ಸಲ್ ತುದಿಯಲ್ಲಿ ಚಕ್ರ ಹಿಡಿಯುವ ಹಬ್ಬಿಗೂ ಕೂತಿತು, ನಮ್ಮ ನಟ್ಟುಗಳೂ ಬಿಗಿಯಾಗಿ ಹಿಡಿದವು. ಅವನು ಸುಳ್ಳು ಹೇಳಲಿಲ್ಲ, ನಾನು ಕೇಳಬೇಕಾದದ್ದನ್ನು ಕೇಳಲಿಲ್ಲ.

ನೋಡದೆ ಬಿಟ್ಟದ್ದು ಎರಡು. ಒಂದು, ಟೈರಿನ ಮೇಲೆ 205/70 ಆರ್15 ಎಂದಿತ್ತು. ಹತ್ತು ಮಿಲಿಮೀಟರ್ ಅಗಲ ಹೆಚ್ಚು, ಒಳ್ಳೆಯದೇ ಆಯಿತು ಎಂದುಕೊಂಡೆ. ಎರಡು, ಪಕ್ಕೆಯ ಮೇಲಿನ ಅಂಡಾಕಾರದ ಪಟ್ಟಿಯಲ್ಲಿ 1417 ಎಂದು ಅಚ್ಚಾಗಿತ್ತು. 2017ನೆಯ ಇಸವಿಯ 14ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಟೈರಿನ ಹಲ್ಲು ಚೆನ್ನಾಗಿಯೇ ಇತ್ತು. ರಬ್ಬರಿಗೆ ಓಡಿದ ದೂರದಂತೆಯೇ ಕಳೆದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ, ಐದು ವರ್ಷದ ಮೇಲೆ ವರ್ಷಕ್ಕೊಮ್ಮೆ ತೋರಿಸಬೇಕು, ಹತ್ತು ವರ್ಷಕ್ಕೆ ಹಲ್ಲಿದ್ದರೂ ತೆಗೆಯಬೇಕು ಎಂದು ಟೈರ್ ಕಂಪನಿಗಳೇ ಹೇಳುತ್ತವೆ. ಸ್ಟೆಪ್ನಿಗೂ ಅದೇ ಮಾತು ಅನ್ವಯಿಸುತ್ತದೆ. ಎಂಟು ವರ್ಷದ ಮುದುಕನನ್ನು ನಾನು ಬೆನ್ನಿಗೆ ಕಟ್ಟಿಕೊಂಡು ಮನೆಗೆ ಬಂದೆ.

ಆಗಸ್ಟ್ ತಿಂಗಳಲ್ಲಿ ವೆಲ್ಹೆ ದಾಟಿ ಮಢೆ ಘಾಟಿನ ಜಲಪಾತ ನೋಡಲು ಹೋದೆವು. ಘಾಟಿನ ತುದಿಗೆ ಮುಂಚಿನ ಊರಿನ ಹೆಸರು "ಕೇಳದ". ಯಾರನ್ನೂ ಏನನ್ನೂ ಕೇಳದೆ ಚಕ್ರ ಕೊಂಡವನಿಗೆ ಆ ಊರಿನಲ್ಲಿಯೇ ಪಾಠವಾಗಬೇಕೆಂದು ಬರೆದಿತ್ತೋ ಏನೋ. ಊರಾಚೆಯ ಕೆಸರಿನ ಇಳಿಜಾರಿನಲ್ಲಿ ಚೂಪು ಕಲ್ಲೊಂದು ಹಿಂದಿನ ಎಡ ಟೈರಿನ ಪಕ್ಕೆಯನ್ನು ಮೂರು ಬೆರಳಗಲ ಸೀಳಿತು. ಸುರಿಯುವ ಮಳೆ, ಮೆತ್ತನೆಯ ನೆಲ, ಜಾಕಿ ಇಟ್ಟಲ್ಲೆಲ್ಲ ಭೂಮಿಯೊಳಕ್ಕೆ ಇಳಿಯುತ್ತಿತ್ತು. ನಮ್ಮ ಪಾಡನ್ನು ಕಂಡ ಅಜ್ಜನೊಬ್ಬ ಮನೆಯಿಂದ ಹಲಗೆಯೊಂದನ್ನು ಹೊತ್ತು ತಂದುಕೊಟ್ಟ. ಅದರ ಮೇಲೆ ಜಾಕಿ ನಿಲ್ಲಿಸಿ, ಹಿಂದಿನ ಒಂದು ಚಕ್ರ ಎತ್ತಿದರೆ ಕೈಬ್ರೇಕಿನ ಹಿಡಿತ ಅರ್ಧಕ್ಕೆ ಇಳಿಯುತ್ತದೆ ಎಂಬುದು ನೆನಪಾಗಿ, ಗಾಡಿಯನ್ನು ನಾಲ್ಕು ಚಕ್ರದ ಲೋ ಗೇರಿಗೆ ಹಾಕಿ, ಕೆಳಗಿನ ಚಕ್ರಗಳಿಗೆ ಕಲ್ಲು ಕೊಟ್ಟು, ಅರ್ಧ ಗಂಟೆಯಲ್ಲಿ ಜಿಪ್ಸಿಯ ಚಕ್ರವನ್ನು ಹಾಕಿದೆವು. ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು.

ಕೆಸರು ಮುಗಿಯುವವರೆಗೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ 4 ಎಚ್‌ನಲ್ಲಿಯೇ ಬಂದು, ಕಾಂಕ್ರೀಟ್ ರಸ್ತೆ ಹತ್ತಿದ ಮೇಲೂ ಮಳೆಯ ಅಂಜಿಕೆಯಿಂದ ಒಂದೆರಡು ಕಿಲೋಮೀಟರ್ ಹಾಗೆಯೇ ಓಡಿಸಿದೆ. ಸ್ಟಿಯರಿಂಗ್ ಯಾಕೋ ಭಾರವಾಯಿತು. ತಿರುವಿನಲ್ಲಿ ಯಾರೋ ಹಿಂದಿನಿಂದ ಜಗ್ಗಿ ಹಿಡಿದು, ಸೋತು ಬಿಟ್ಟಂತೆ ಗಾಡಿ ಜರ್ಕು ಹೊಡೆಯತೊಡಗಿತು. ಸರಿ, ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ ಹೋಗುವ 2 ಎಚ್‌ಗೆ ತರೋಣವೆಂದು ಲಿವರ್ ಎಳೆದರೆ ಅದು ಅಲುಗಲಿಲ್ಲ. ಎರಡು ಕೈಯಲ್ಲಿ ಎಳೆದರೂ ಅಲುಗಲಿಲ್ಲ. ಹಿಂದೆಂದೋ ಓದಿದ್ದ ಉಪಾಯ ನೆನಪಾಗಿ ಐದಾರು ಮೀಟರ್ ನೇರವಾಗಿ ಹಿಂದಕ್ಕೆ ತೆಗೆದುಕೊಂಡೆ. ಕೆಳಗೆ ಎಲ್ಲೋ ಟಕ್ಕೆಂದು ಸದ್ದಾಗಿ ಲಿವರ್ ಬೆಣ್ಣೆಯಂತೆ ಬಂತು. ಆ ಸದ್ದಿನ ಅರ್ಥವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಫೋರ್ ವ್ಹೀಲ್ ಡ್ರೈವ್ ಗಾಡಿಗೆ ಸ್ಟೆಪ್ನಿ ಆರಿಸುವವರು ತಿಳಿಯಬೇಕಾದದ್ದೆಲ್ಲ ಹೆಚ್ಚುಕಡಿಮೆ ಅದರಲ್ಲಿಯೇ ಇದೆ.

ಬೇಕಾದಾಗ ಮಾತ್ರ ನಾಲ್ಕು ಚಕ್ರಕ್ಕೆ ಶಕ್ತಿ ಕೊಡುವ, ಜಿಮ್ನಿಯಂಥ ಪಾರ್ಟ್ ಟೈಮ್ ವ್ಯವಸ್ಥೆಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್, ಅಂದರೆ ಎರಡು ಕಡೆಯೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು, ಇರುವುದಿಲ್ಲ. 4 ಎಚ್‌ಗೆ ಹಾಕಿದ ಕೂಡಲೇ, ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಎರಡೂ ಶಾಫ್ಟುಗಳನ್ನು ಬೆಸೆದು ಒಂದೇ ವೇಗದಲ್ಲಿ ತಿರುಗಿಸುತ್ತದೆ. ಈಗ ಟೈರಿನ ಲೆಕ್ಕ ನೋಡಿ. 195ರ ಶೇಕಡ 80 ಎಂದರೆ 156. ಮೇಲೆ ಕೆಳಗೆ ಎರಡು ಪಕ್ಕೆ ಸೇರಿ 312, ಹದಿನೈದು ಇಂಚಿನ ರಿಮ್ಮಿನ 381 ಕೂಡಿಸಿದರೆ ಚಕ್ರದ ಎತ್ತರ 693 ಮಿಲಿಮೀಟರ್. 205ರ ಶೇಕಡ 70 ಹಿಡಿದು ಅದೇ ಲೆಕ್ಕ ಮಾಡಿದರೆ ಬರುವುದು 668. ಅಗಲ ಹೆಚ್ಚಾಯಿತೆಂದು ನಾನು ಹಿಗ್ಗಿದ ಟೈರು ಎತ್ತರದಲ್ಲಿ 25 ಮಿಲಿಮೀಟರ್, ಅಂದರೆ ಶೇಕಡ ಮೂರೂವರೆಯಷ್ಟು ಗಿಡ್ಡ. ನನ್ನ ಉಳಿದ ಚಕ್ರಗಳು ಒಂದು ಕಿಲೋಮೀಟರಿಗೆ 459 ಸುತ್ತು ತಿರುಗಿದರೆ ಇದು 476 ಸುತ್ತು ತಿರುಗಬೇಕು. ಹಿಂದಿನ ಡಿಫರೆನ್ಷಿಯಲ್ ಎಡಬಲದ ಸರಾಸರಿ ತೆಗೆಯುವುದರಿಂದ ಮುಂದಿನ ಹಿಂದಿನ ಶಾಫ್ಟುಗಳಿಗೆ ಕಿಲೋಮೀಟರಿಗೆ ಚಕ್ರದ ಎಂಟೂವರೆ ಸುತ್ತಿನ ಜಗಳ ಬಂತು. ಕೆಸರಿನಲ್ಲಿ ಯಾವುದೋ ಒಂದು ಚಕ್ರ ಜಾರಿ ಈ ಜಗಳವನ್ನು ತೀರಿಸುತ್ತದೆ. ಕಾಂಕ್ರೀಟಿನ ಮೇಲೆ ಟೈರು ಸುಲಭಕ್ಕೆ ಜಾರುವುದಿಲ್ಲ. ಆದ್ದರಿಂದ ಆ ಸೆಣಸಾಟವೆಲ್ಲ ಶಾಫ್ಟು, ಗೇರುಗಳಲ್ಲಿ ಹಗ್ಗಕ್ಕೆ ಹುರಿ ಏರಿದಂತೆ ಏರುತ್ತ ಹೋಗಿ, ಲಿವರನ್ನೇ ಕಚ್ಚಿ ಹಿಡಿಯುತ್ತದೆ. ಹಿಂದಕ್ಕೆ ಓಡಿಸಿದಾಗ ಬಿಚ್ಚಿದ್ದು ಆ ಹುರಿ. ನಾಲ್ಕೂ ಟೈರು ಒಂದೇ ಅಳತೆಯವಾಗಿದ್ದರೂ ಗಟ್ಟಿ ಒಣ ರಸ್ತೆಯಲ್ಲಿ 4 ಎಚ್ ಬಳಸಬಾರದು ಎನ್ನುವುದು ಇದೇ ಕಾರಣಕ್ಕೆ. ತಿರುವಿನಲ್ಲಿ ಮಾತ್ರ ಬರುವ ತೊಂದರೆಯನ್ನು ನಾನು ನೇರ ರಸ್ತೆಯಲ್ಲಿಯೂ ತಂದುಕೊಂಡಿದ್ದೆ. ಎಲ್ಲ ಕಾಲಕ್ಕೂ ನಾಲ್ಕು ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗಳಲ್ಲಂತೂ ಬಿಚ್ಚಲು ಲಿವರೂ ಇರುವುದಿಲ್ಲ, ಅಲ್ಲಿ ನಡುವಿನ ಕಪ್ಲಿಂಗು ಸದ್ದಿಲ್ಲದೆ ಬಿಸಿಯಾಗಿ ಸವೆಯುತ್ತದೆ. ತಾತ್ಕಾಲಿಕವಾಗಿ ಬಳಸುವ ತೆಳ್ಳನೆಯ ಸ್ಟೆಪ್ನಿಯನ್ನು ಇಂಥ ಗಾಡಿಗಳಿಗೆ ನಾನು ಪರಿಗಣಿಸಲೇ ಇಲ್ಲ. ಗಂಟೆಗೆ 80 ಕಿಲೋಮೀಟರಿನ ಮಿತಿ ಅದರ ಮೇಲೆಯೇ ಬರೆದಿರುತ್ತದೆ, ಕಲ್ಲುದಾರಿಯ ಮಾತಂತೂ ದೂರ.

ಊರಿಗೆ ಮರಳಿದ ಮೇಲೆ, ಸೀಳಿದ ಟೈರಿನ ಬದಲಿಗೆ ಅದೇ ಅಳತೆಯ, ಹಲ್ಲೂ ನನ್ನ ಉಳಿದವುಗಳಷ್ಟೇ ಸವೆದ ಟೈರೊಂದು ಅದೃಷ್ಟದಿಂದ ಇನ್ನೊಬ್ಬ ಜಿಮ್ನಿ ಮಾಲೀಕರಿಂದ ಸಿಕ್ಕಿತು. ಅವರು ಐದನ್ನೂ ಬದಲಾಯಿಸಿ ಹಳೆಯವನ್ನು ಬಿಡಿಯಾಗಿ ಮಾರುತ್ತಿದ್ದರು. ಅವರ ಹಳೆಯವುಗಳಲ್ಲಿ ಸ್ಟೆಪ್ನಿಗೂ ಒಂದು ಸಿಕ್ಕಿದ್ದರೆ ಈ ಬರಹವೇ ಇರುತ್ತಿರಲಿಲ್ಲ, ಆದರೆ ಉಳಿದವೆಲ್ಲ ಆಗಲೇ ಖರ್ಚಾಗಿದ್ದವು.

ಎರಡನೆಯ ಚಕ್ರ ನನ್ನನ್ನು ಆಕರ್ಷಿಸಿದ್ದು ಗಾಜಿನ ಗೋಡೆ, ಎಸಿ, ಕಾಫಿ ಯಂತ್ರ ಇರುವ ದೊಡ್ಡ ಅಂಗಡಿಯೊಂದರಲ್ಲಿ. ಜಿಮ್ನಿಯವರೆಲ್ಲ ರಸ್ತೆಗೂ ಕಲ್ಲುದಾರಿಗೂ ಆಗುವ 215/75 ಆರ್15ರ ಆಲ್ ಟೆರೇನ್ ಟೈರಿಗೆ ಏರಿದ್ದಾರೆ, ನೀವೂ ನಾಲ್ಕನ್ನು ಹಾಕಿಸಿಕೊಳ್ಳಿ, ತೆಗೆದ ಹಳೆಯ ನಾಲ್ಕರಲ್ಲಿ ಒಂದು ಸ್ಟೆಪ್ನಿಗೆ ಆಗುತ್ತದೆ, ಖರ್ಚಿಲ್ಲದೆ ಸ್ಟೆಪ್ನಿ ಸಿಕ್ಕಂತಾಯಿತು ಎಂದು ಅಲ್ಲಿನ ಯುವಕ ಬಹಳ ವಿನಯದಿಂದ ವಿವರಿಸಿದ. ಟೈರು ಒಳ್ಳೆಯದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಲ್ಲಿನ ಆಳ, ಪಕ್ಕೆಯ ದಪ್ಪ, 96ರ ಬದಲು 100ರ ಲೋಡ್ ಇಂಡೆಕ್ಸ್, ಅಂದರೆ ಒಂದು ಟೈರು 710 ಕಿಲೋಗ್ರಾಂ ಬದಲು 800 ಹೊರುವ ಸಾಮರ್ಥ್ಯ. ಜೊತೆಗೆ ಬೊಲೆರೊ ಗಾಡಿಗೂ ಇದೇ ಅಳತೆಯ ಟೈರಾದ್ದರಿಂದ ತಾಲ್ಲೂಕು ಊರುಗಳಲ್ಲಿಯೂ ಸಿಗುತ್ತದೆ. ದೂರದ ಪ್ರಯಾಣ ಮಾಡುವವರಿಗೆ ಇದು ಸಣ್ಣ ಅನುಕೂಲವಲ್ಲ. ತೊಂದರೆ ಇರುವುದು ನಾಲ್ಕು ಎಂಬ ಸಂಖ್ಯೆಯಲ್ಲಿ. 215/75ರ ಎತ್ತರ 703 ಮಿಲಿಮೀಟರಿಗೆ ಸ್ವಲ್ಪ ಮೇಲೆ. ಹೊಸ 195/80ಕ್ಕೂ ಅದಕ್ಕೂ ಶೇಕಡ ಒಂದೂವರೆ ವ್ಯತ್ಯಾಸ. ಆದರೆ ಅವನು ಸ್ಟೆಪ್ನಿಯಾಗಿ ಉಳಿಸಹೊರಟಿದ್ದು ಹೊಸದನ್ನಲ್ಲ, 24,000 ಕಿಲೋಮೀಟರ್ ಓಡಿ ಹಲ್ಲು 8ರಿಂದ 5 ಮಿಲಿಮೀಟರಿಗೆ ಇಳಿದದ್ದನ್ನು. ಹಲ್ಲು ಮೂರು ಸವೆದರೆ ಎತ್ತರ ಆರು ತಗ್ಗುತ್ತದೆ. ಹಾಗಾಗಿ ನಿಜವಾದ ಅಂತರ ಹದಿನಾರು ಮಿಲಿಮೀಟರಿನಷ್ಟು, ಶೇಕಡ ಎರಡಕ್ಕಿಂತ ಹೆಚ್ಚು. ಕೇಳದದಲ್ಲಿ ಪಟ್ಟ ಪಾಡಿನ ಮೂರರಲ್ಲಿ ಎರಡು ಪಾಲಿನಷ್ಟು ಅದೇ ಪಾಡು, ಈ ಬಾರಿ ನಾಲ್ಕು ಹೊಸ ಟೈರುಗಳ ಬಿಲ್ಲಿನೊಂದಿಗೆ. ಐದು ಕೊಳ್ಳುವುದಾದರೆ ರಿಯಾಯಿತಿ ಎಷ್ಟು ಎಂದು ಕೇಳಿದೆ. ಐದು ಯಾರೂ ತೆಗೆದುಕೊಳ್ಳುವುದಿಲ್ಲ ಸರ್ ಎಂದ. ಪುಣೆಯ ರಸ್ತೆಗಳಲ್ಲಿ ಹಿಂಬಾಗಿಲಿಗೆ ಸಣಕಲು ಸ್ಟೆಪ್ನಿ, ಕೆಳಗೆ ದಪ್ಪ ದಪ್ಪ ನಾಲ್ಕು ಟೈರು ಹೊತ್ತ ಗಾಡಿಗಳನ್ನು ಆಮೇಲೆ ಎಣಿಸತೊಡಗಿದೆ. ಅವನ ಮಾತು ನಿಜವೇ.

ಕೊನೆಗೆ ಹೋದದ್ದು ಭೋಸರಿಯಲ್ಲಿ ನಾಸಿಕ್ ರಸ್ತೆಗೆ ಹೊಂದಿಕೊಂಡಿರುವ, ತಗಡಿನ ಮಾಡಿನ ಅಂಗಡಿಗೆ. ಮಾಲೀಕರು ಇಂಡಿ ತಾಲ್ಲೂಕಿನವರು, ಅರುವತ್ತರ ಆಸುಪಾಸು. ಆ ಕಡೆಯ ಕನ್ನಡದ ಹುಡುಗರೆಲ್ಲ ಕಾಕಾ ಎನ್ನುವುದರಿಂದ ನನಗೂ ಅವರು ಕಾಕಾ ಆದರು. ಜಿಪ್ಸಿಯ ಚಕ್ರವನ್ನು ನೆಲದ ಮೇಲೆ ನಿಲ್ಲಿಸಿ ಒಮ್ಮೆ ಕಣ್ಣಾಡಿಸಿದವರೇ, "ತಮ್ಮಾ, ಇದು ಗಾಡಿಗೆ ಕುಂಡ್ರತೈತಿ, ಖರೆ. ಆದ್ರ ಗಾಡಿ ಇದರ ಮ್ಯಾಲ ಕುಂಡ್ರೂದಿಲ್ಲ" ಎಂದರು. ನಾನು ಕಾಗದದ ಮೇಲೆ ಮಾಡಿಕೊಂಡು ಹೋಗಿದ್ದ ಲೆಕ್ಕವನ್ನು ಅವರು ಒಂದು ನೂಲಿನಿಂದ ಮಾಡಿದರು: ನನ್ನ ಗಾಡಿಯ ಚಕ್ರದ ಸುತ್ತ ನೂಲು ಸುತ್ತಿ ಗಂಟು ಹಾಕಿ, ಅದೇ ನೂಲನ್ನು ಜಿಪ್ಸಿಯ ಚಕ್ರಕ್ಕೆ ಸುತ್ತಿದಾಗ ಅಂಗೈ ಅಗಲಕ್ಕೆ ಕೊಂಚ ಕಡಿಮೆ ಉಳಿದ ನೂಲು ಜೋತುಬಿತ್ತು. ಅದನ್ನು ಕೈಯಲ್ಲಿ ಹಿಡಿದು ತೋರಿಸಿ, "ಒಂದೊಂದ್ ಸುತ್ತಿಗೂ ಇಷ್ಟಿಷ್ಟ ಬಾಕಿ ಉಳೀತೈತಿ ನೋಡು. ಆ ಬಾಕಿ ಯಾರ್ ಕೊಡಬೇಕು? ಗೇರ್ ಕೊಡಬೇಕು" ಎಂದರು. ಇಷ್ಟು ಚೆನ್ನಾಗಿ ಯಾವ ಕೈಪಿಡಿಯೂ ನನಗೆ ಹೇಳಿರಲಿಲ್ಲ.

ದಾರಿಯಲ್ಲಿ ಬೇರೆ ಅಳತೆಯ ಸ್ಟೆಪ್ನಿ ಹಾಕಲೇಬೇಕಾದ ಕಷ್ಟ ಬಂದರೆ ಏನು ಮಾಡಬೇಕೆಂಬುದನ್ನೂ ಅವರೇ ಹೇಳಿದರು. ಹಿಂದಿನ ಟೈರು ಹೋದರೂ ಆ ಚಕ್ರವನ್ನು ಹಿಂದೆ ಹಾಕಬಾರದು. ಮುಂದಿನ ಒಳ್ಳೆಯ ಚಕ್ರವನ್ನು ಹಿಂದಕ್ಕೆ ತಂದು, ಬೇರೆ ಅಳತೆಯದನ್ನು ಮುಂದೆ ಹಾಕಿ, 2 ಎಚ್‌ನಲ್ಲಿಯೇ ನಿಧಾನವಾಗಿ ಹತ್ತಿರದ ಊರು ಸೇರಬೇಕು. ಆಗ ಎಂಜಿನ್ ಶಕ್ತಿ ಹೋಗುವ ಹಿಂದಿನ ಎರಡು ಚಕ್ರಗಳಾದರೂ ಸರಿಸಮ ಇರುತ್ತವೆ, ಹಿಂದಿನ ಡಿಫರೆನ್ಷಿಯಲ್ ಬಿಡುವಿಲ್ಲದೆ ದುಡಿಯುವುದು ತಪ್ಪುತ್ತದೆ. ಎರಡು ಬಾರಿ ಜಾಕಿ ಏರಿಸುವ ಶ್ರಮ, ಆದರೆ ಅದು ಸಾರ್ಥಕ ಶ್ರಮ.

ಖರೀದಿಯ ವಿಷಯದಲ್ಲಿ ಅವರ ಸಲಹೆ ಒಂದೇ ಆಗಿತ್ತು: ಕಾರಿನೊಂದಿಗೆ ಬಂದ ಉಕ್ಕಿನ ಡಿಸ್ಕೇ, ಕಾರಿನೊಂದಿಗೆ ಬಂದ ಅಳತೆಯ ಟೈರೇ. ಡಿಸ್ಕನ್ನು ಕಂಪನಿಯ ಬಿಡಿಭಾಗದ ಕೌಂಟರಿನಿಂದ ನಾನೇ ತಂದುಕೊಟ್ಟೆ. ನಾನಾ ಪೇಠೆಯ ಬಿಡಿಭಾಗದ ಬೀದಿಗಳಲ್ಲಿ ನೋಡಲು ಅದೇ ರೀತಿಯ ಡಿಸ್ಕುಗಳು ಕಡಿಮೆಗೆ ಸಿಕ್ಕವು, ಆದರೆ ರಿಮ್ಮಿನ ಅಗಲ ಐದೂವರೆ ಇಂಚು ಎಂದು ಅಚ್ಚೊತ್ತಿದ್ದವುಗಳಲ್ಲಿಯೂ ಆಫ್‌ಸೆಟ್ ಎಷ್ಟೆಂದು ಬರೆದಿರಲಿಲ್ಲ. ಆಫ್‌ಸೆಟ್ ಎಂದರೆ ಹಬ್ಬಿಗೆ ತಾಗುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಒಳಗೆ ಅಥವಾ ಹೊರಗೆ ಇದೆ ಎಂಬ ಅಳತೆ. ಜಿಮ್ನಿಗೆ ಅದು ಬರಿಯ 5 ಮಿಲಿಮೀಟರ್. ಆಫ್‌ಸೆಟ್ ಹೆಚ್ಚಿರುವ ಡಿಸ್ಕನ್ನು ಹಾಕಿದರೆ ಚಕ್ರ ಒಳಕ್ಕೆ ಸರಿಯುತ್ತದೆ, ಪೂರ್ತಿ ಸ್ಟಿಯರಿಂಗ್ ತಿರುಗಿಸಿದಾಗ ಟೈರು ಒಳಗಿನ ಭಾಗಗಳಿಗೆ ಉಜ್ಜಬಹುದು. ಹಿಂಬಾಗಿಲಿನ ಮೇಲೆ ನೇತಾಡುವಾಗ ಇವು ಯಾವುವೂ ಗೊತ್ತಾಗುವುದಿಲ್ಲ, ಗೊತ್ತಾಗುವುದು ಕತ್ತಲಲ್ಲಿ, ಮಳೆಯಲ್ಲಿ.

ಅಲಾಯ್ ಇರುವವರು ಸ್ಟೆಪ್ನಿಗೂ ಅಲಾಯ್ ಹಾಕಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಬೇಡವೆಂಬುದೇ, ಆದರೆ ಒಂದು ಷರತ್ತಿನ ಮೇಲೆ. ಉಕ್ಕಿನ ಡಿಸ್ಕು ಸೊಟ್ಟಗಾದರೆ ಹಳ್ಳಿಯ ಪಂಕ್ಚರ್ ಅಂಗಡಿಯವನೂ ಸುತ್ತಿಗೆಯಿಂದ ನೆಟ್ಟಗೆ ಮಾಡಬಲ್ಲ, ಅಲಾಯ್ ಬಿರುಕು ಬಿಟ್ಟರೆ ಮುಗಿಯಿತು. ಷರತ್ತೆಂದರೆ ನಟ್ಟು. ಹೊರಗಿನ ಅಲಾಯ್ ಚಕ್ರಗಳಿಗೆ ಕೆಲವೊಮ್ಮೆ ಬೇರೆ ಆಕಾರದ ನಟ್ಟುಗಳನ್ನು ಕೊಟ್ಟಿರುತ್ತಾರೆ. ಶಂಕುವಿನ ಆಕಾರದ ಕುಳಿಗೆ ಗುಂಡುಮುಖದ ನಟ್ಟು ಹಾಕಿದರೆ ಬಿಗಿಯಾದಂತೆ ತೋರಿ ದಾರಿಯಲ್ಲಿ ಸಡಿಲವಾಗುತ್ತದೆ. ಅಂಥವರು ಉಕ್ಕಿನ ಸ್ಟೆಪ್ನಿಗಾಗಿ ಮೂಲ ನಟ್ಟುಗಳ ಒಂದು ಕಟ್ಟನ್ನು ಗಾಡಿಯಲ್ಲಿಯೇ ಇಟ್ಟುಕೊಳ್ಳುವುದು ಕ್ಷೇಮ.

195/80ರ ಟೈರು ಕಾಕಾ ಅವರ ಬಳಿ ಇರಲಿಲ್ಲ. ತರಿಸಲು ವಾರ ಹಿಡಿಯಿತು. ನಾವು ಕಾದದ್ದರಿಂದ ಲಾಭವೇ ಆಯಿತೆನ್ನಬೇಕು, ಸೆಪ್ಟೆಂಬರ್ 22ರಿಂದ ಟೈರಿನ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿತ್ತು. ಟೈರು ಬಂದ ದಿನ ಫೋನ್ ಮಾಡಿ ಕರೆಸಿ, ಡಿಸ್ಕಿಗೆ ಏರಿಸುವ ಮೊದಲೇ ಪಕ್ಕೆಯ ಮೇಲೆ ಟಾರ್ಚ್ ಹಿಡಿದು, "ಮದ್ಲ ತಾರೀಖು ನೋಡು, ಆಮ್ಯಾಲ ರೊಕ್ಕದ ಮಾತು" ಎಂದರು. 3125 ಎಂದಿತ್ತು, ಅಂದರೆ ಎರಡು ಮೂರು ತಿಂಗಳ ಹಿಂದಿನದು. ಐಎಸ್‌ಐ ಗುರುತು, ಲೋಡ್ ಇಂಡೆಕ್ಸ್ 96, ಎಲ್ಲವನ್ನೂ ಓದಿಸಿದರು. ಆ ದೊಡ್ಡ ಅಂಗಡಿಯಲ್ಲಿ ಕಾಫಿ ಕೊಟ್ಟರು, ತಾರೀಖು ತೋರಿಸಲಿಲ್ಲ ಎಂಬುದು ಆಗ ಹೊಳೆಯಿತು.

ಸ್ಟೆಪ್ನಿಗೆ, ಚಕ್ರ ಅದುರದಂತೆ ತೂಕ ಸರಿದೂಗಿಸುವ ಬ್ಯಾಲೆನ್ಸಿಂಗ್ ಯಾಕೆ ಎಂದು ಅನೇಕರು ಬಿಟ್ಟುಬಿಡುತ್ತಾರೆ. ಇಲ್ಲಿ ಕೇಳದೆಯೇ ಮಾಡಿದರು, ಯಾಕೆಂದರೆ ಇದು ನೇತಾಡಲು ಬಂದ ಚಕ್ರವಲ್ಲ, ಸರದಿಯಲ್ಲಿ ಓಡಬೇಕಾದ ಚಕ್ರ. ನನ್ನ ಹಳೆಯ ನಾಲ್ಕಕ್ಕೂ ಹೊಸದಕ್ಕೂ ಈಗಲೂ ಆರು ಮಿಲಿಮೀಟರ್ ಎತ್ತರದ ವ್ಯತ್ಯಾಸವಿದೆ, ಅಂದರೆ ಶೇಕಡ ಒಂದಕ್ಕೂ ಕಡಿಮೆ. ಅದನ್ನು ಹಾಗೆಯೇ ನೇತುಹಾಕಿ ಹಳೆಯ ನಾಲ್ಕನ್ನು ಮಾತ್ರ ಸವೆಸುತ್ತ ಹೋದರೆ ಈ ವ್ಯತ್ಯಾಸ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಹಲ್ಲು ಕಾನೂನಿನ ಕನಿಷ್ಠ 1.6 ಮಿಲಿಮೀಟರಿಗೆ ಬರುವ ಹೊತ್ತಿಗೆ ಹೊಸ ಸ್ಟೆಪ್ನಿ ಹದಿಮೂರು ಮಿಲಿಮೀಟರ್ ಎತ್ತರವಾಗಿ ಬೇರೆ ಅಳತೆಯ ಟೈರಿನಂತೆಯೇ ಆಗಿರುತ್ತದೆ. ಆದ್ದರಿಂದ ಅದನ್ನು ಮೊದಲ ದಿನವೇ ಹಿಂದಿನ ಬಲಕ್ಕೆ ಹಾಕಿಸಿ, ಅಲ್ಲಿದ್ದುದನ್ನು ಬಾಗಿಲಿಗೆ ಏರಿಸಿದೆ. ಇನ್ನು ಎಂಟು ಸಾವಿರ ಕಿಲೋಮೀಟರಿಗೊಮ್ಮೆ ಐದೂ ಚಕ್ರಗಳು ಜಾಗ ಬದಲಿಸುತ್ತವೆ. ಈ ಐದರ ಸರದಿಯನ್ನು ಗಾಡಿ ಕೊಂಡ ದಿನದಿಂದಲೇ ಮಾಡಿದ್ದರೆ, ಎಲ್ಲವೂ ಒಟ್ಟಿಗೆ ಸವೆದು ಒಟ್ಟಿಗೆ ಮುಗಿಯುತ್ತಿದ್ದವು. ಎರಡು ವರ್ಷ ನಾನು ಮಾಡಲಿಲ್ಲ, ಹಾಗಾಗಿ ಹೊಸದಾಗಿಯೇ ಉಳಿದ ಸ್ಟೆಪ್ನಿಯನ್ನು ಕಳ್ಳ ಕೊಂಡೊಯ್ದ.

ಈ ಅಂಗಡಿಯ ಕುಂದುಗಳನ್ನೂ ಹೇಳಬೇಕು. ಗಾಡಿ ನಿಲ್ಲಿಸಲು ಜಾಗವಿಲ್ಲ, ರಸ್ತೆಯ ಪಕ್ಕದಲ್ಲಿಯೇ ಜಾಕಿ ಏರಿಸುತ್ತಾರೆ, ಬಸ್ಸುಗಳು ಮೈ ಸವರಿಕೊಂಡಂತೆ ಹೋಗುತ್ತವೆ. ಕೂರಲು ಹಳೆಯ ಟೈರುಗಳೇ ಆಸನ. ಬ್ಯಾಲೆನ್ಸಿಂಗಿನ ಸೀಸದ ತುಂಡು ಬಡಿಯುವಾಗ ಹುಡುಗ ಹೊಸ ಡಿಸ್ಕಿನ ಬಣ್ಣವನ್ನು ಎರಡು ಕಡೆ ಕೆತ್ತಿದ. ಮಳೆಗಾಲದ ಮೊದಲು ಅಲ್ಲಿ ನಾನೇ ಬಣ್ಣ ಹಚ್ಚಬೇಕು. ನಟ್ಟುಗಳನ್ನು ಗಾಳಿಯ ಗನ್ನಿನಿಂದಲೇ ಕೊನೆಯವರೆಗೆ ಬಿಗಿಯಲು ಹೋದಾಗ ತಡೆದು, ಕೈಯ ಟಾರ್ಕ್ ರೆಂಚಿನಿಂದ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಲು ಒತ್ತಾಯಿಸಬೇಕಾಯಿತು. ಗನ್ನಿನಿಂದ ಬಿಗಿದದ್ದನ್ನು ಕಾಡಿನಲ್ಲಿ ಗಾಡಿಯ ಚಿಕ್ಕ ಪಾನಾದಿಂದ ಬಿಚ್ಚುವುದು ಎಂಥ ಕಷ್ಟ ಎಂದು ಬಿಚ್ಚಿದವರಿಗೇ ಗೊತ್ತು. ಕಾಕಾ ಒಪ್ಪಿಕೊಂಡರು, ಆದರೆ ರೆಂಚನ್ನು ಪಕ್ಕದ ಗ್ಯಾರೇಜಿನಿಂದ ಕೇಳಿ ತರಿಸಿದರು.

ಹಿಂಬಾಗಿಲಿನ ಮೇಲಿನ ಚಕ್ರಕ್ಕೆ ಈಗ ಒಂದು ಲಾಕ್ ನಟ್ ಹಾಕಿದ್ದೇನೆ. ಅದರ ಕೀಲಿ ಮನೆಯ ಗೂಟಕ್ಕಲ್ಲ, ಗಾಡಿಯ ಡ್ಯಾಶ್‌ಬೋರ್ಡಿನೊಳಗೆ ಇರಬೇಕೆಂದು ಮನೆಯವರಿಗೂ ಹೇಳಿದ್ದೇನೆ. ಟೈರು, ಡಿಸ್ಕು ಸೇರಿ ಇಪ್ಪತ್ತು ಕಿಲೋದ ಆಸುಪಾಸಿನ ಭಾರ ಸದಾ ಒಂದೇ ಬಾಗಿಲಿನ ಕೀಲುಗಳ ಮೇಲೆ ಬೀಳುವುದರಿಂದ, ಚೌಕಟ್ಟಿನ ಬೋಲ್ಟುಗಳನ್ನು ಕಲ್ಲುದಾರಿಯ ಪ್ರತಿ ಪ್ರವಾಸದ ನಂತರ ಕೈಯಿಂದ ಅಲುಗಿಸಿ ನೋಡುವುದು, ತಿಂಗಳಿಗೊಮ್ಮೆ ಉಳಿದ ನಾಲ್ಕರೊಂದಿಗೆ ಇದಕ್ಕೂ ಗಾಳಿ ಪರೀಕ್ಷಿಸುವುದು ರೂಢಿಯಾಗಿದೆ. ಬಿಸಿಲಿಗೆ ಪಕ್ಕೆ ಬಿರಿಯದಂತೆ ಕಪ್ಪು ಕವರ್ ಹೊದಿಸಿದ್ದೇನೆ, ಕಳ್ಳನಿಗೆ ಹೊಸತೋ ಹಳತೋ ತಿಳಿಯದಿರಲಿ ಎಂಬ ಉದ್ದೇಶವೂ ಅದರಲ್ಲಿದೆ.

ಇನ್ನು ಜಿಪ್ಸಿಯ ಚಕ್ರ. ಅದನ್ನು ಕಾಕಾ ಅವರ ಅಂಗಡಿಯ ಮೂಲೆಯಲ್ಲಿಯೇ ಬಿಟ್ಟುಬಂದಿದ್ದೆ. ದೀಪಾವಳಿಯ ಮರುವಾರ ಭೋರ್ ಕಡೆಯ ರೈತರೊಬ್ಬರು ತಮ್ಮ ಹಳೆಯ ಜಿಪ್ಸಿಗೆ ಇಂಥದೇ ಡಿಸ್ಕು ಹುಡುಕಿಕೊಂಡು ಬಂದಿದ್ದರಂತೆ. ಕಾಕಾ ಎಂಟು ವರ್ಷದ ಟೈರನ್ನು ಕಳಚಿ ಗುಜರಿಗೆ ಎಸೆದು, ಬರಿಯ ಡಿಸ್ಕನ್ನು ಆ ರೈತರಿಗೆ ಕೊಟ್ಟರು; ನನ್ನ ಪಾಲಿನ 900 ರೂಪಾಯಿ ಅದೇ ಸಂಜೆ ಫೋನಿಗೆ ಬಂತು.